ಪಶ್ಚಾತ್ತಾಪವೋ, ಎದೆಗೆ ನೆಟ್ಟ ಅಲಗೋ: ‘ಕೊಂಪುಂಕ್ತಿಯೊ’ ಎಂಬ ಪದದ ಕುರಿತು

ಒಂದು ಲ್ಯಾಟಿನ್ ಪದಕ್ಕೆ ಕನ್ನಡದಲ್ಲಿ ಸಲ್ಲುವ ಮಾತು ಯಾವುದೆಂದು ಬಲ್ಲವರನ್ನು ಕೇಳುವುದಿದೆ. ತೀರ್ಥಹಳ್ಳಿಯ ಸಮೀಪದ ನಮ್ಮ ಧರ್ಮಕೇಂದ್ರದಲ್ಲಿ ಏಳೆಂಟು ಮಂದಿ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಸಂಜೆಗಳಲ್ಲಿ ಒಟ್ಟಿಗೆ ಕುಳಿತು, ಹದಿನೈದನೆಯ ಶತಮಾನದ ಸನ್ಯಾಸಿ ಕೆಂಪೆನ್ ಊರಿನ ಥಾಮಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಕ್ರಿಸ್ತನ ಅನುಕರಣೆ’ಯನ್ನು ಓದುತ್ತಿದ್ದೇವೆ. ನಮ್ಮಲ್ಲಿ ಕೆಲವರ ಮನೆಮಾತು ಕೊಂಕಣಿ, ಭದ್ರಾವತಿಯಿಂದ ಬಂದು ನೆಲೆಸಿದ ಒಬ್ಬರದು ತಮಿಳು, ಉಳಿದವರದು ಕನ್ನಡ. ಆದರೆ ಓದುವುದೂ ಪ್ರಾರ್ಥಿಸುವುದೂ ಕನ್ನಡದಲ್ಲಿಯೇ ಆದ್ದರಿಂದ, ಪ್ರತಿ ವಾರದ ಭಾಗವನ್ನು ಲ್ಯಾಟಿನ್ ಮೂಲದೊಡನೆ ಹೋಲಿಸಿ ಕನ್ನಡದಲ್ಲಿ ಸಿದ್ಧಪಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಲ್ಕು ಭಾಗಗಳ, ಒಟ್ಟು 114 ಅಧ್ಯಾಯಗಳ ಆ ಕೃತಿಯ ಮೊದಲನೆಯ ಭಾಗದ 21ನೆಯ ಅಧ್ಯಾಯದ ಶೀರ್ಷಿಕೆಯಲ್ಲಿಯೇ ನಾನು ನಿಂತುಬಿಟ್ಟಿದ್ದೇನೆ. ‘ದೆ ಕೊಂಪುಂಕ್ತಿಯೊನೆ ಕೊರ್ದಿಸ್’ ಎಂಬುದು ಆ ಶೀರ್ಷಿಕೆ. ಕೊರ್ದಿಸ್ ಎಂದರೆ ಹೃದಯದ. ಕೊಂಪುಂಕ್ತಿಯೊ ಎಂದರೆ ಏನು?

ಪಶ್ಚಾತ್ತಾಪ ಎಂದು ಬರೆದು ಮುಂದೆ ಹೋಗಬಹುದಿತ್ತು. ಮೊದಲು ಹಾಗೆಯೇ ಬರೆದಿದ್ದೆ. ಆದರೆ ಪಶ್ಚಾತ್ತಾಪದಲ್ಲಿ ‘ಪಶ್ಚಾತ್’ ಇದೆ, ಅಂದರೆ ಅದು ಆಗಿಹೋದುದರ ಕಡೆಗೆ ತಿರುಗಿ ನೋಡುವ ಬೇಗೆ. ಅಡಿಕೆಯನ್ನು ಅವಸರದಲ್ಲಿ ಕೊಟ್ಟು, ತಿಂಗಳ ಮೇಲೆ ದರ ಏರಿದಾಗಲೂ ನಾವು ಪಶ್ಚಾತ್ತಾಪಪಡುತ್ತೇವೆ. ಅನುತಾಪ, ಪರಿತಾಪಗಳಲ್ಲಿಯೂ ತಾಪವೇ ಮುಖ್ಯ. ತಮಿಳು ಕಥೋಲಿಕರ ಹಳೆಯ ಜಪದಲ್ಲಿ ‘ಉತ್ತಮ ಮನಸ್ತಾಪ’ ಎಂಬ ಮಾತು ಇದೆಯೆಂದು ನಮ್ಮ ಭದ್ರಾವತಿಯ ಸಂಗಾತಿ ನೆನಪಿಸಿದರು. ಸೊಗಸಾದ ಪ್ರಯೋಗವೇ, ಆದರೆ ಇಂದಿನ ಕನ್ನಡದಲ್ಲಿ ಮನಸ್ತಾಪವೆಂದರೆ ಅಣ್ಣತಮ್ಮಂದಿರು ಮಾತು ಬಿಡುವುದು.

ಲ್ಯಾಟಿನ್ ಪದದಲ್ಲಿ ತಾಪವಿಲ್ಲ, ಮೊನೆ ಇದೆ. ‘ಪುಂಗೆರೆ’ ಎಂದರೆ ಚುಚ್ಚು. ಬಿಂದು ಎಂಬರ್ಥದ ‘ಪುಂಕ್ತುಮ್’ ಅದೇ ಧಾತುವಿನಿಂದ ಬಂದದ್ದು. ಪೆಂತೆಕೋಸ್ತ್ ಹಬ್ಬದ ದಿನ ಪೇತ್ರನ ಮಾತು ಕೇಳಿದ ಜನರ ಸ್ಥಿತಿಯನ್ನು ಅಪೊಸ್ತಲರ ಕೃತ್ಯಗಳು 2:37ರಲ್ಲಿ ಲ್ಯಾಟಿನ್ ಬೈಬಲು ಈ ಧಾತುವಿನ ಕ್ರಿಯಾಪದದಿಂದಲೇ ಹೇಳುತ್ತದೆ. ಅದೇ ವಾಕ್ಯವನ್ನು ಹಳೆಯ ಕನ್ನಡ ಬೈಬಲಿನಲ್ಲಿ ತೆಗೆದು ನೋಡಿದಾಗ ‘ಹೃದಯದಲ್ಲಿ ಅಲಗು ನೆಟ್ಟಂತಾಗಿ’ ಎಂದಿದೆ. ಈ ಮೂರು ಮಾತುಗಳನ್ನು ಬಾಲ್ಯದಿಂದ ಕೇಳುತ್ತಲೇ ಬಂದಿದ್ದರೂ ಅವುಗಳ ಬೆಲೆ ನನಗೆ ತಿಳಿದದ್ದು ಈಗ. ಆ ಭಾಷಾಂತರಕಾರರು ಸಂಸ್ಕೃತದ ಸಿದ್ಧಪದವನ್ನು ಎತ್ತಿಕೊಳ್ಳದೆ, ಒಂದು ಚಿತ್ರವನ್ನೇ ಇಡಿಯಾಗಿ ಕನ್ನಡಕ್ಕೆ ತಂದಿದ್ದಾರೆ. 51ನೆಯ ಕೀರ್ತನೆಯ ‘ಜಜ್ಜಿಹೋದ ಮನಸ್ಸು’ ಕೂಡ ಹೀಗೆಯೇ. ಅಲ್ಲಿನ ಲ್ಯಾಟಿನ್ ಪದ ‘ಕೊಂತ್ರೀತುಮ್’, ಅರೆದು ಪುಡಿಯಾದದ್ದು. ಜಜ್ಜುವುದು ಬೇರೆ, ಚುಚ್ಚುವುದು ಬೇರೆ. ಎರಡನ್ನೂ ಪಶ್ಚಾತ್ತಾಪವೆಂದು ಕರೆದರೆ ಎರಡೂ ಚಿತ್ರಗಳು ಅಳಿಸಿಹೋಗುತ್ತವೆ.

ಬರಿಯ ಚಿತ್ರದ ಮಾತಾಗಿದ್ದರೆ ನಾನು ಇಷ್ಟು ತೊಳಲುತ್ತಿರಲಿಲ್ಲ. ಅರ್ಥವೇ ಪಶ್ಚಾತ್ತಾಪಕ್ಕಿಂತ ಅಗಲವಾದದ್ದು. 590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಗ್ರೆಗೊರಿಯವರು ಇದನ್ನು ಕಾಲೇಬನ ಮಗಳ ಕಥೆಯ ಮೂಲಕ ವಿವರಿಸುತ್ತಾರೆ. ಯೆಹೋಶುವನ ಗ್ರಂಥದ 15ನೆಯ ಅಧ್ಯಾಯದಲ್ಲಿ ಆಕೆ ಕತ್ತೆಯ ಮೇಲೆ ಬಂದು, ತನಗೆ ಕೊಟ್ಟದ್ದು ದಕ್ಷಿಣದ ಒಣನೆಲ, ನೀರಿನ ನೆಲವನ್ನೂ ಕೊಡಬೇಕು ಎಂದು ತಂದೆಯನ್ನು ಬೇಡುತ್ತಾಳೆ. ಆತ ಮೇಲಿನ ಬುಗ್ಗೆಗಳನ್ನೂ ಕೆಳಗಿನ ಬುಗ್ಗೆಗಳನ್ನೂ ಕೊಡುತ್ತಾನೆ. ಗ್ರೆಗೊರಿಯವರ ಪ್ರಕಾರ ಕೆಳಗಿನ ಬುಗ್ಗೆ ಎಂದರೆ ಪಾಪದ ನೆನಪಿನಿಂದಲೂ ದಂಡನೆಯ ಭಯದಿಂದಲೂ ಬರುವ ಕಣ್ಣೀರು. ಮೇಲಿನದು, ದೇವರ ಸನ್ನಿಧಿಯ ಹಂಬಲದಿಂದ ಬರುವ ಕಣ್ಣೀರು. ಕಾಲಕ್ರಮದಲ್ಲಿ ಭಯದ ಕಣ್ಣೀರು ಮೊದಲಾದರೂ, ಪ್ರೀತಿಯದು ಮೇಲಾದದ್ದರಿಂದ ಮೇಲಿನ ಬುಗ್ಗೆಯ ಹೆಸರು ಮೊದಲು ಬಂದಿದೆ ಎನ್ನುತ್ತಾರೆ ಅವರು. ಗುಡ್ಡದ ಒರತೆಯನ್ನು ಅಡಿಕೆಯ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದುದನ್ನೂ, ಆಷಾಢದ ಮಳೆ ಹಿಡಿದಾಗ ಅಡಿಗೆಮನೆಯ ನೆಲದಲ್ಲಿಯೇ ಜಲ ಏಳುವುದನ್ನೂ ಕಂಡ ನಮ್ಮ ಕಡೆಯವರಿಗೆ ಈ ಎರಡು ನೀರುಗಳ ಭೇದವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಎರಡಕ್ಕೂ ಗ್ರೆಗೊರಿಯವರು ಬಳಸುವ ಪದ ಒಂದೇ, ಕೊಂಪುಂಕ್ತಿಯೊ. ಪಶ್ಚಾತ್ತಾಪ ಎಂದರೆ ಕೆಳಗಿನ ಬುಗ್ಗೆ ಮಾತ್ರ ನಮಗೆ ದಕ್ಕುತ್ತದೆ, ಮೇಲಿನದು ಬತ್ತುತ್ತದೆ.

ಥಾಮಸನ ಪ್ರಯೋಗವೂ ಇದನ್ನೇ ಸೂಚಿಸುತ್ತದೆ. 21ನೆಯ ಅಧ್ಯಾಯದಲ್ಲಿ ಆತ ಕೊಂಪುಂಕ್ತಿಯೊಗೆ ಎದುರಾಗಿ ನಿಲ್ಲಿಸುವ ಪದ ‘ದಿಸ್ಸೊಲುತಿಯೊ’, ಅಂದರೆ ಬಿಗಿ ತಪ್ಪಿ ಸಡಿಲವಾಗಿ ಚದುರಿಹೋಗುವುದು. ಒಂದು ತೆರೆದು ಕೊಡುವ ಒಳಿತುಗಳನ್ನು ಇನ್ನೊಂದು ಬೇಗನೆ ಕಳೆದುಬಿಡುತ್ತದೆ ಎಂಬುದು ಅಲ್ಲಿನ ಮಾತು. ಪಶ್ಚಾತ್ತಾಪಕ್ಕೆ ಎದುರು ಮಾತು ಮೊಂಡುತನವಾಗಬೇಕಿತ್ತು, ಸಡಿಲುತನವಲ್ಲ.

ಇಲ್ಲಿ ಭಾಷಾಂತರ ಮಾಡುವವರು ಜಾರುವ ಒಂದು ಸ್ಥಳವನ್ನೂ ಹೇಳಬೇಕು. ಹಿಂದಿನ ಅಧ್ಯಾಯದಲ್ಲಿ ಥಾಮಸನು, ಹೃದಯದ ಆಳದವರೆಗೆ ಚುಚ್ಚಿಸಿಕೊಳ್ಳಬೇಕಾದರೆ ನಿನ್ನ ಕೋಣೆಗೆ ಹೋಗು ಎಂದು ಹೇಳಿ, 4ನೆಯ ಕೀರ್ತನೆಯ ‘ನಿಮ್ಮ ಹಾಸಿಗೆಗಳಲ್ಲಿ ಚುಚ್ಚಿಸಿಕೊಳ್ಳಿರಿ’ ಎಂಬ ವಾಕ್ಯವನ್ನು ಉದಾಹರಿಸುತ್ತಾನೆ. ಆ ವಾಕ್ಯಕ್ಕೆ ನಮ್ಮ ಕನ್ನಡ ಬೈಬಲನ್ನು ತೆರೆದರೆ ಅಲ್ಲಿರುವುದು ಚುಚ್ಚುವ ಮಾತಲ್ಲ, ಮೌನವಾಗಿರಿ ಎಂಬ ಮಾತು. ಎರಡೂ ತಪ್ಪಲ್ಲ, ಕನ್ನಡದವರು ಹೀಬ್ರೂ ಮೂಲವನ್ನು ಅನುಸರಿಸಿದ್ದಾರೆ, ಥಾಮಸನ ಲ್ಯಾಟಿನ್ ಪಾಠ ಗ್ರೀಕ್ ಭಾಷಾಂತರದಿಂದ ಬಂದಿದೆ. ಅಲ್ಲಿ ಚುಚ್ಚುವುದಕ್ಕೆ ಬಂದಿರುವ ಗ್ರೀಕ್ ಪದದ ನಾಮರೂಪ ‘ಕತಾನ್ಯುಕ್ಸಿಸ್’ ರೋಮಾಪುರದವರಿಗೆ ಬರೆದ ಪತ್ರದ 11:8ರಲ್ಲಿ ಮರವಟ್ಟ ಸ್ಥಿತಿಯನ್ನು ಹೇಳುತ್ತದೆ. ಚುಚ್ಚುವುದೂ ಮರಗಟ್ಟುವುದೂ ಒಂದೇ ಪದದಲ್ಲಿ ಹೇಗೆ ಎಂದು ಬೆರಗಾಗಿದ್ದೆ; ಆಮೇಲೆ ನಮ್ಮ ‘ಜೋಮು’ ನೆನಪಾಯಿತು. ಕಾಲು ಜೋಮು ಹಿಡಿದಾಗ ಸ್ಪರ್ಶವೂ ಇರುವುದಿಲ್ಲ, ಸೂಜಿ ಚುಚ್ಚಿದಂತೆಯೂ ಆಗುತ್ತದೆ.

ನಾನು ಪರೀಕ್ಷಿಸಿ ಬಿಟ್ಟ ಪದಗಳಲ್ಲಿ ಮೂರನ್ನು ಹೇಳುತ್ತೇನೆ. ‘ಹೃದಯವೇಧ’ ಘನವಾಗಿ ಕೇಳುತ್ತದೆ, ಆದರೆ ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳನ್ನು ಬಲ್ಲ ವೀರಶೈವ ಓದುಗರಿಗೆ ಅದು ಬೇರೆಯೇ ಅರ್ಥವನ್ನು ಕೊಡುತ್ತದೆ. ‘ಎದೆಯಿರಿತ’ ಅಚ್ಚಗನ್ನಡವಾದರೂ, ಇರಿತವೆಂದೊಡನೆ ಇಂದು ಪತ್ರಿಕೆಯ ಅಪರಾಧ ಸುದ್ದಿಯೇ ಕಣ್ಣಮುಂದೆ ಬರುತ್ತದೆ. ಮೂರನೆಯದು ‘ಸಂವೇಗ’, ಇದನ್ನು ಬಿಡಲು ನನಗೆ ನಿಜವಾಗಿಯೂ ಮನಸ್ಸಿರಲಿಲ್ಲ. ನಮ್ಮ ಜಿಲ್ಲೆಯ ಹುಂಚದಂತಹ ಕ್ಷೇತ್ರಗಳಲ್ಲಿ ಉಳಿದುಬಂದಿರುವ ಜೈನ ಪರಂಪರೆಯಲ್ಲಿ ಸಂವೇಗಕ್ಕೆ ಸಂಸಾರದುಃಖದ ಭಯ ಎಂದೂ ಮೋಕ್ಷದ ಹಂಬಲ ಎಂದೂ ಎರಡು ಬಗೆಯ ವಿವರಣೆಗಳಿವೆ. ಗ್ರೆಗೊರಿಯವರ ಎರಡು ಬುಗ್ಗೆಗಳಿಗೆ ಇದಕ್ಕಿಂತ ಹತ್ತಿರವಾದ ಶಾಸ್ತ್ರೀಯ ಪದವನ್ನು ನಾನು ಕಂಡಿಲ್ಲ. ಆದರೆ ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಸಂವೇಗವನ್ನು ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವೆಂದು ಕಲಿತಿದ್ದಾರೆ.

ಆದ್ದರಿಂದ ಮತ್ತೆ ಅಲಗಿನ ಬಳಿಗೇ ಬಂದೆ. ಅಲಗು ಹಂಬಲದ ನೋವನ್ನೂ ಹೇಳಬಲ್ಲುದೇ ಎಂಬ ಸಂದೇಹವಿತ್ತು. ಅದಕ್ಕೆ ಉತ್ತರ ಶಿಕಾರಿಪುರದ ಕಡೆಯ ಉಡುತಡಿಯಿಂದ ಸಿಕ್ಕಿತು. ನೊಂದವರ ನೋವನ್ನು ನೋಯದವರು ಅರಿಯಲಾರರು ಎಂದು ಹೇಳುವ ಪ್ರಸಿದ್ಧ ವಚನದಲ್ಲಿ ಅಕ್ಕಮಹಾದೇವಿ, ಚೆನ್ನಮಲ್ಲಿಕಾರ್ಜುನನು ಇರಿದ ಅಲಗು ಒಡಲಲ್ಲಿ ಮುರಿದು ಹೊರಳುವ ತನ್ನ ಅಳಲನ್ನು ತಾಯಂದಿರ ಮುಂದೆ ಇಡುತ್ತಾಳೆ. ಅಲ್ಲಿ ಪಾಪದ ನೆನಪಿಲ್ಲ, ದಂಡನೆಯ ಭಯವಿಲ್ಲ. ಇರಿದವನೇ ಬೇಕು ಎಂಬ ನೋವು ಅದು. ಆಕೆಯ ಭಕ್ತಿಗೂ ಥಾಮಸನ ಭಕ್ತಿಗೂ ನೆಲೆ ಬೇರೆ, ಎರಡನ್ನೂ ಒಂದೆನ್ನುವುದು ಎರಡಕ್ಕೂ ಅಗೌರವ. ನಾನು ಹೇಳುವುದು ಪದದ ಮಾತು ಮಾತ್ರ: ಹನ್ನೆರಡನೆಯ ಶತಮಾನದಲ್ಲಿಯೇ ಕನ್ನಡದ ಅಲಗು ಮೇಲಿನ ಬುಗ್ಗೆಯನ್ನು ಮುಟ್ಟಿತ್ತು, ಬೈಬಲಿನ ಕನ್ನಡದಲ್ಲಿ ಅದು ಕೆಳಗಿನದನ್ನೂ ಮುಟ್ಟಿದೆ.

‘ನೆಡು’ ಎಂಬ ಕ್ರಿಯೆಯೂ ನನಗೆ ಪ್ರಿಯವಾದದ್ದು. ಮಲೆನಾಡಿನಲ್ಲಿ ಗದ್ದೆಗೆ ಸಸಿ ಹಾಕುವುದನ್ನು ನೆಟ್ಟಿ ಎನ್ನುತ್ತೇವೆ. ಚುಚ್ಚಿದ್ದು ಹೊರಬರಬಹುದು, ನೆಟ್ಟದ್ದು ಅಲ್ಲಿಯೇ ನಿಲ್ಲುತ್ತದೆ, ಬೇರನ್ನೂ ಬಿಡಬಹುದು. ಚುಚ್ಚುಮಾತಿನಲ್ಲಿರುವ ಹಗೆತನವೂ ಇದಕ್ಕಿಲ್ಲ. ಆದರೆ ತೊಡಕು ವ್ಯಾಕರಣದ್ದು: ಕ್ರಿಯಾಪದವಾಗಿ ಸೊಗಸಾಗಿರುವ ‘ಎದೆಗೆ ಅಲಗು ನೆಡುವುದು’ ನಾಮಪದವಾಗುವಾಗ ಉದ್ದವಾಗುತ್ತದೆ, ‘ಎದೆನಾಟು’ ಎಂದು ಕುಗ್ಗಿಸಿದರೆ ನಾಟಿ ಕೋಳಿಯ ನಾಟು ನೆನಪಾಗುತ್ತದೆ. ಮೊದಲನೆಯ ಅಧ್ಯಾಯದ ಪ್ರಸಿದ್ಧ ವಾಕ್ಯವನ್ನು ಸದ್ಯಕ್ಕೆ ಹೀಗೆ ಮಾಡಿದ್ದೇನೆ: ‘ಎದೆಗೆ ನೆಟ್ಟ ಅಲಗಿನ ಲಕ್ಷಣವನ್ನು ಬಲ್ಲವನಾಗುವುದಕ್ಕಿಂತ ಅದರ ನೋವನ್ನು ಉಣ್ಣುವವನಾಗುವುದೇ ನನಗೆ ಬೇಕು.’ ಇದನ್ನು ಓದಿದ ಸಂಜೆ ನಮ್ಮಲ್ಲಿ ಹಿರಿಯರಾದ ಒಬ್ಬ ತಾಯಿ, “ಕಣ್ಣಲ್ಲಿ ನೀರು ಬರೋಕೆ ಮುಂಚೆ ಗಂಟಲು ಕಟ್ಟುತ್ತಲ್ಲ, ಅದಾ?” ಎಂದು ಕೇಳಿದರು. ಹೌದು, ಅದೇ ಎಂದೆ.

ಕೇಳಬೇಕಾದದ್ದು ಇಷ್ಟು. ಹಳೆಯ ಕನ್ನಡ ಜಪಪುಸ್ತಕಗಳಲ್ಲಿ, ಕಥೋಲಿಕರದಾಗಲಿ ಪ್ರೊಟೆಸ್ಟೆಂಟರದಾಗಲಿ, ಪಶ್ಚಾತ್ತಾಪವಲ್ಲದೆ ಬೇರೆ ಪದವನ್ನು ಈ ಅರ್ಥದಲ್ಲಿ ಕಂಡವರಿದ್ದಾರೆಯೇ? ದಾಸರ ಪದಗಳಲ್ಲಿ ಅಥವಾ ವಚನಗಳಲ್ಲಿ ಅಲಗು, ನೆಡು, ನಾಟು ಎಂಬಿವು ಅಂತರಂಗದ ನೋವಿಗೆ ಬಂದಿರುವ ಇತರ ಕಡೆಗಳನ್ನು ತೋರಿಸಬಲ್ಲಿರಾ? ಗಂಟಲು ಕಟ್ಟುವ ಆ ಕ್ಷಣಕ್ಕೆ ಸಾಗರ, ಹೊಸನಗರ, ಕೊಪ್ಪದ ಕಡೆ ಮನೆಮಾತಿನಲ್ಲಿ ಒಂಟಿಪದ ಯಾವುದಾದರೂ ಇದೆಯೇ? 21ನೆಯ ಅಧ್ಯಾಯ ಬರುವ ಶುಕ್ರವಾರ ನಮ್ಮ ಓದಿಗಿದೆ; ಶೀರ್ಷಿಕೆಯ ಜಾಗದಲ್ಲಿ ‘ಎದೆಗೆ ನೆಟ್ಟ ಅಲಗು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.