ಅರ್ಧ ಕಾಳಿನ ಜಾತಕ

"ರೇಪ್‌ಸೀಡ್ ಅನ್ನೋ ಎಣ್ಣೆಕಾಳು, ಸಾಸಿವೆಯಷ್ಟೇ ಇರುತ್ತೆ. ಅದನ್ನ ಹೋಳು ಮಾಡಿ ಅರ್ಧ ಎಣ್ಣೆಯ ಪರೀಕ್ಷೆಗೆ, ಅರ್ಧ ಬಿತ್ತನೆಗೆ ಅಂದ್ರೆ ನಂಬೋದು ಹೇಗೆ ವಿಮಲಕ್ಕ?" ಸೀನ ಕೆಣಕಿದ.

"ನಂಬಬೇಡ, ಚಿಮಟ ಹಿಡಿದು ಮಾಡಿ ನೋಡು" ಅಂದರು ವಿಮಲಕ್ಕ. "ರೇಪ್‌ಸೀಡ್ ಕಾಳನ್ನ ಒದ್ದೆ ಕಾಗದದ ಮೇಲೆ ಒಂದು ರಾತ್ರಿ ಇಡು. ಸಿಪ್ಪೆ ಬಿರಿಯುತ್ತೆ, ಮೆಲ್ಲಗೆ ಸುಲಿ. ಒಳಗೆ ಎರಡು ಬೇಳೆ ಮಡಿಚಿಕೊಂಡು ಕೂತಿರುತ್ತೆ. ಹೊರಗಿನದು ದೊಡ್ಡದು, ಒಳಗಿನದನ್ನ ಸುತ್ತಿಕೊಂಡಿರುತ್ತೆ. ಬೇರಿನ ಮೊಳಕೆಗೆ ತಾಗದ ಹಾಗೆ ಹೊರಗಿನ ಬೇಳೆಯನ್ನ ಬ್ಲೇಡಿನಲ್ಲಿ ಕತ್ತರಿಸಿ ಸೀಸೆಗೆ ಹಾಕು. ಮಿಕ್ಕಿದ್ದು ವಾಪಸ್ ಒದ್ದೆ ಕಾಗದಕ್ಕೆ, ಬೇರು ಬಿಟ್ಟ ಮೇಲೆ ಕುಂಡಕ್ಕೆ. ಸೀಸೆಗೂ ಕುಂಡಕ್ಕೂ ಒಂದೇ ನಂಬರು."

"ನಂಬರು ಅದಲುಬದಲಾದ್ರೆ?"

"ಯಾರದೋ ಜಾತಕ, ಯಾರಿಗೋ ಮದುವೆ" ಅಂದ ಶಾಮಣ್ಣ.

ವಿಮಲಕ್ಕ ನಗಲಿಲ್ಲ. "ಕೆಡೋದು ಅಲ್ಲೇ ಕಣೋ. ಇಲ್ಲಾಂದ್ರೆ ಬ್ಲೇಡು ಮೊಳಕೆಗೆ ತಾಗಿರುತ್ತೆ, ಅಥವಾ ಕಾಗದ ಒಣಗಿರುತ್ತೆ. ಸೀಸೆಯಲ್ಲಿರೋ ಚೂರಿನ ಎಣ್ಣೆಯನ್ನ ಸುಲಭವಾಗಿ ಆವಿಯಾಗೋ ಮೀಥೈಲ್ ಎಸ್ಟರ್ ಮಾಡಿ, ಕೊಬ್ಬಿನಾಮ್ಲಗಳನ್ನ ಒಂದೊಂದಾಗಿ ಬೇರ್ಪಡಿಸಿ ಗೆರೆಯಾಗಿ ತೋರಿಸೋ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಬಿಡ್ತಾರೆ. ಅಡುಗೆ ಎಣ್ಣೆಯಲ್ಲಿ ಬೇಡದ ಎರುಸಿಕ್ ಅನ್ನೋ ಕೊಬ್ಬಿನಾಮ್ಲದ್ದು 22 ಇಂಗಾಲದ ಸರಪಳಿ, ಹಾಗಾಗಿ 18 ಇಂಗಾಲದ ಓಲಿಕ್, ಲಿನೋಲಿಕ್ ಎಲ್ಲ ಬಂದು ಹೋದ ಮೇಲೆ ಅದು ಬರುತ್ತೆ. ಆ ಗೆರೆ ಏಳದೇ ಹೋದರೆ ನಿನ್ನ ಕುಂಡದ ಗಿಡ ಬಂಗಾರ. ಈ ಅರ್ಧ ಕಾಳಿನ ವಿಧಾನವನ್ನ ಡೌನಿ ಮತ್ತು ಹಾರ್ವೆ 1963ರಲ್ಲಿ ಪ್ರಕಟಿಸಿದ್ದು. ಹಳೆಯ ತಳಿಗಳ ಎಣ್ಣೆಯಲ್ಲಿ ಎರುಸಿಕ್ ಶೇ. 40–50 ಇರುತ್ತಿತ್ತು; ಕ್ಯಾನೋಲಾ, ಅಂದ್ರೆ ಅಡುಗೆ ಎಣ್ಣೆಗೆ ಒಗ್ಗೋ ರೇಪ್‌ಸೀಡ್, ಅನ್ನಿಸಿಕೊಳ್ಳಬೇಕಾದ್ರೆ ಶೇ. 2ಕ್ಕಿಂತ ಕಡಿಮೆ ಇರಬೇಕು."

"ಆದರೆ ಒಂದು ಬೇಳೆ ನೋಡಿ ಇಡೀ ಗಿಡದ ಭವಿಷ್ಯ ಹೇಳೋದು ಜ್ಯೋತಿಷ್ಯ ಅಲ್ವಾ?"

"ಅಲ್ಲ. ಎರುಸಿಕ್ ಎಷ್ಟು ಅಂತ ತೀರ್ಮಾನ ಮಾಡೋದು ಕಾಳಿನೊಳಗಿನ ಭ್ರೂಣದ ಸ್ವಂತ ಜೀನುಗಳು, ಮುಖ್ಯವಾಗಿ ಎರಡು. ಅದಕ್ಕೇ ಒಂದೇ ಕಾಯಿಯ ಕಾಳುಗಳಲ್ಲೂ ಒಂದಕ್ಕೊಂದು ವ್ಯತ್ಯಾಸ. ಆದರೆ ಹಿಂಡಿಗೆ ಖಾರ, ಕಹಿ ಕೊಡೋ ಗ್ಲೂಕೋಸಿನೋಲೇಟ್ ಇದೆಯಲ್ಲ, ಅದು ತಾಯಿ ಗಿಡದಲ್ಲಿ ತಯಾರಾಗಿ ಕಾಳಿಗೆ ಸಾಗಿ ಬರೋದು. ಅಲ್ಲಿ ಅರ್ಧ ಕಾಳಿನ ಪರೀಕ್ಷೆ ತಾಯಿಯ ಸುದ್ದಿ ಹೇಳುತ್ತೆ, ಮಗುವಿನದ್ದಲ್ಲ. ಗಿಡ ಬೆಳೆಸಿ, ಅದರ ಕಾಳನ್ನೇ ನೋಡಬೇಕು."

"ಎಣ್ಣೆ ಮಗುವಿನ ಇಷ್ಟ, ಖಾರ ಅಮ್ಮನ ಇಷ್ಟ!"

"ಪರವಾಗಿಲ್ಲ, ತಲೆ ಓಡುತ್ತೆ. ಆ ಕಡಿಮೆ ಖಾರದ ಗುಣ ಸಿಕ್ಕಿದ್ದು ಪೋಲೆಂಡಿನ ಬ್ರೋನೋವ್‌ಸ್ಕಿ ತಳಿಯಲ್ಲಿ, ಕಡಿಮೆ ಎರುಸಿಕ್ ಜರ್ಮನಿಯ ಲಿಹೋದಲ್ಲಿ. ಎರಡೂ ಗುಣ ಒಂದೇ ಗಿಡಕ್ಕೆ ಬಂದ ಮೊದಲ ತಳಿ ಟವರ್, 1974ರಲ್ಲಿ, ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸ್ಟೆಫಾನ್ಸನ್ ಅವರದ್ದು."

"ಇಷ್ಟೆಲ್ಲ ನಾಜೂಕು ಮಾಡಿ ತಳಿ ಕೊಡ್ತೀರಿ. ಕೊಯಿಲಿನ ಮಾರನೇ ದಿನ ರೈತ ನೇಗಿಲು ಹೂಡಿ ಹಾಳುಮಾಡ್ತಾನೆ" ಅಂತ ಶಾಮಣ್ಣ ನಡುವೆ ಬಂದ.

"ಉಳೋದು ಒಳ್ಳೇದಲ್ವಾ? ಹೊಲ ಚೊಕ್ಕಟ!"

"ಲೆಕ್ಕ ಹಾಕು. ಸಾವಿರ ಕಾಳಿಗೆ 5 ಗ್ರಾಂ ಅಂದುಕೋ. ಚದರ ಮೀಟರಿಗೆ 50 ಕಾಳು ಬಿತ್ತಿದರೆ ಹೆಕ್ಟೇರಿಗೆ ಎರಡೂವರೆ ಕೆಜಿ. ಕೊಯಿಲಲ್ಲಿ ಕಾಯಿ ಸಿಡಿದು 100 ಕೆಜಿ ನೆಲಕ್ಕೆ ಬಿತ್ತು ಅಂದರೆ ಚದರ ಮೀಟರಿಗೆ ಎಷ್ಟು?"

ಸೀನ ಬೆರಳು ಮಡಿಚಿದ. "...ಎರಡು ಸಾವಿರ?"

"ಬಿತ್ತಿದ್ದರ 40 ಪಟ್ಟು. ಹೊಸ ಕಾಳಿಗೆ ನಿದ್ದೆ ಅನ್ನೋದೇ ಇಲ್ಲದ ಹಾಗೆ. ಮೇಲೆ ಬಿಟ್ಟರೆ ಒಂದು ಮಳೆಗೆ ಮೊಳೆಯುತ್ತೆ, ಇಲ್ಲ ಹಕ್ಕಿ, ಹುಳು ತಿನ್ನುತ್ತೆ. ಆದರೆ ಒಣ ಮಣ್ಣಿನಲ್ಲಿ, ಕತ್ತಲಲ್ಲಿ ಹೂತರೆ ನಿದ್ದೆ ಕಲಿತುಬಿಡುತ್ತೆ. ಹಾಗೆ ಮಲಗಿದ್ದು ಹತ್ತು ವರ್ಷ ಆದ ಮೇಲೂ ಏಳಬಹುದು, ಅದೂ ನೀನು ಉತ್ತು ಬೆಳಕು ತೋರಿಸಿದಾಗ. ಅದಕ್ಕೇ ಕೂಳೆಯನ್ನ ಮೂರು ನಾಲ್ಕು ವಾರ ಮುಟ್ಟಬೇಡ. ಮೊಳಕೆ ಎದ್ದ ಮೇಲೆ ಆಳಕ್ಕಿಳಿಸದೆ ಮೇಲ್ಮಣ್ಣಿನಲ್ಲಷ್ಟೇ ಕುಂಟೆ ಹೊಡಿ."

"ಎದ್ದರೆ ಎದ್ದಿತು. ಅದೂ ರೇಪ್‌ಸೀಡ್, ಇದೂ ರೇಪ್‌ಸೀಡ್. ಪುಕ್ಕಟೆ ಗಿಡ!"

ವಿಮಲಕ್ಕ ಕಣ್ಣರಳಿಸಿದರು. "ಹಳೇ ಬೆಳೆ ಹೆಚ್ಚು ಎರುಸಿಕ್‌ನದ್ದಾಗಿದ್ದರೆ? ಫಸಲಿನಲ್ಲಿ ನೂರಕ್ಕೆ ನಾಲ್ಕು ಕಾಳು ಆ ಹಳೇದಾದರೆ ಸಾಕು. ಶೇ. 50ರ ಎಣ್ಣೆ ನಾಲ್ಕು ಪಾಲು ಸೇರಿತು ಅಂದರೆ ಶೇ. 2. ಅಲ್ಲಿಗೆ ಕ್ಯಾನೋಲಾ ಪಟ್ಟ ಹೋಯ್ತು. ಜೊತೆಗೆ ಅವುಗಳ ಪರಾಗ ಬೇರೆ ನಿನ್ನ ಗಿಡಗಳಿಗೆ ಬೀಳುತ್ತೆ. ಆಗಲೇ ಹೇಳಿದೆನಲ್ಲ, ಕಾಳಿನ ಜೀನೇ ಎಣ್ಣೆಯ ಯಜಮಾನ, ಆ ಕಾಳಲ್ಲಿ ಅದೇ ವರ್ಷ ಎರುಸಿಕ್ ಕಾಣಿಸಿಕೊಳ್ಳುತ್ತೆ. ಕಳೆನಾಶಕ ಹೊಡೆದು ಬೇರ್ಪಡಿಸೋಣ ಅಂದರೆ ಎರಡೂ ಒಂದೇ ಜಾತಿ."

"ಪಾಪ, ಹೆಚ್ಚು ಎರುಸಿಕ್‌ಗೆ ಎಲ್ಲೂ ಬೆಲೆಯೇ ಇಲ್ವಾ?"

"ಇದೆಯಲ್ಲ. ಅದರಿಂದ ಎರುಕಮೈಡ್ ಮಾಡಿ ಪ್ಲಾಸ್ಟಿಕ್ ಹಾಳೆಗೆ ಸೇರಿಸ್ತಾರೆ, ಒಂದಕ್ಕೊಂದು ಅಂಟದ ಹಾಗೆ. ಕೀಲೆಣ್ಣೆಗೂ ಬರುತ್ತೆ. ಬೇರೆ ಹೊಲದಲ್ಲಿ, ದೂರ ಇಟ್ಟು ಬೆಳೀಬೇಕು ಅಷ್ಟೇ."

"ಸಿಡಿಯೋದನ್ನೇ ತಡೆದರೆ ಆಯ್ತಲ್ಲ ಶಾಮಣ್ಣ?"

"ಪೂರ್ತಿ ತಡೆಯೋಕಾಗಲ್ಲ, ಕಡಿಮೆ ಮಾಡಬಹುದು. ಕಾಯಿ ಬುಡದಿಂದ ಮೇಲಕ್ಕೆ ಮಾಗುತ್ತಾ ಹೋಗುತ್ತೆ. ತುದಿ ಹಣ್ಣಾಗಲಿ ಅಂತ ಕಾದರೆ ಬುಡದ್ದು ಸಿಡಿದಿರುತ್ತೆ. ಕೊಯ್ದು ಸಾಲಾಗಿ ಮಲಗಿಸೋದಾದರೆ ಮುಖ್ಯ ಕಾಂಡದ ಕಾಳಲ್ಲಿ ಸುಮಾರು ಶೇ. 60 ಬಣ್ಣ ತಿರುಗಿದಾಗ ಕೈ ಹಾಕು. ಕಾಯಿಯ ಬಣ್ಣ ನೋಡಿ ಮೋಸ ಹೋಗಬೇಡ, ಬಿಡಿಸಿ ಕಾಳು ನೋಡು. ಅದಕ್ಕಿಂತ ಬೇಗ ಕೊಯ್ದರೆ ಹಸಿರು ಕಾಳು ಉಳಿದು ಎಣ್ಣೆಗೆ ಪತ್ರಹರಿತು ಸೇರುತ್ತೆ."

"ತೇವ?"

"ಕೂಡಿಡೋಕೆ ಶೇ. 8ರ ಆಸುಪಾಸು. ಗೋಧಿ 14ರಲ್ಲಿ ಇರುತ್ತಲ್ಲ ಅಂತ ವಾದ ಮಾಡಬೇಡ. ಈ ಕಾಳಿನಲ್ಲಿ ಶೇ. 42 ಎಣ್ಣೆ, ಎಣ್ಣೆ ನೀರು ಹಿಡಿಯಲ್ಲ. ತೇವ 9 ಅಂದರೆ ಅದೆಲ್ಲ ಮಿಕ್ಕ 58ರಲ್ಲೇ ಕೂತಿರುತ್ತೆ. ಆ ಭಾಗಕ್ಕೆ ಅದು 15ಕ್ಕೂ ಮೇಲೆ. ಬೂಷ್ಟು ಬರೋದು ಅಲ್ಲೇ. ಹಾಗಂತ 6ಕ್ಕಿಂತ ಕೆಳಗೆ ಒಣಗಿಸಿದರೆ ಸಾಗಿಸುವಾಗ ಕಾಳು ಒಡೆಯುತ್ತೆ. ರಾಶಿಯೂ ಒತ್ತಾಗಿ ಕೂರುತ್ತೆ, ಗಾಳಿ ಗೋಧಿಯಲ್ಲಿ ನುಗ್ಗಿದ ಹಾಗೆ ಇದರಲ್ಲಿ ನುಗ್ಗಲ್ಲ. ಅದಕ್ಕೇ ರಾಶಿ ತೆಳ್ಳಗಿರಲಿ."

"ಹಿಂಡಿ ದನಕ್ಕೆ ಹಾಕಬಹುದು ತಾನೇ?"

"ಕಡಿಮೆ ಖಾರದ ತಳಿಯದ್ದಾದರೆ ಧಾರಾಳವಾಗಿ" ಅಂದರು ವಿಮಲಕ್ಕ. "ಗಿರಣಿಯಲ್ಲಿ ಕಾಳನ್ನ ಬೇಗ 80–90 ಡಿಗ್ರಿಗೆ ಏರಿಸ್ತಾರೆ, ಮೈರೋಸಿನೇಸ್ ಅನ್ನೋ ಕಿಣ್ವ ಸಾಯಲಿ ಅಂತ. ನಿಧಾನಕ್ಕೆ ಕಾಯಿಸಿದರೆ ಕಿಣ್ವಕ್ಕೆ ಕೆಲಸ ಮಾಡೋಕೆ ಸಮಯ ಸಿಕ್ಕಿ ಗ್ಲೂಕೋಸಿನೋಲೇಟ್ ಒಡೆದು, ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡೋ ಪದಾರ್ಥ ಹುಟ್ಟುತ್ತೆ. ಗಂಧಕ ಎಣ್ಣೆಗೂ ಇಳಿಯುತ್ತೆ."

ಸೀನ ಒಂದು ಕ್ಷಣ ಯೋಚಿಸಿದ. "ಸರಿ, ಹೊಲದಿಂದ ಗಿರಣಿಗೆ ಟ್ರೈಲರಲ್ಲಿ ಸುರಿದುಕೊಂಡು ಹೋಗೋದು..."

"ನಿಲ್ಲು" ಅಂದ ಶಾಮಣ್ಣ. "ಮೊದಲು ಹಿಂಬಾಗಿಲಿನ ಸಂದಿಗೆ ಟೇಪು ಅಂಟಿಸು. ಒಳಗಿನಿಂದ. ಹೊರಗಿನಿಂದ ಅಂಟಿಸಿದರೆ ಕಾಳಿನ ಭಾರಕ್ಕೆ ಅದೂ ಕಿತ್ತುಕೊಂಡು ಬರುತ್ತೆ, ಗಿರಣಿ ತಲುಪೋದು ನೀನೊಬ್ಬನೇ."