ಡ್ರಿಲ್ ಮೇಲೆ ಹೋಗಿ ಮತ್ತೆ ಇಳಿಯುತ್ತಿದೆ, ಕ್ಲ್ಯಾಂಪ್ ಬಿಡುತ್ತಿಲ್ಲ: ಎಫ್‌ಎಕ್ಸ್3ಯು ಲ್ಯಾಡರ್

ಪ್ರಶ್ನೆ:
ನಮಸ್ಕಾರ. ಸಣ್ಣ ಡ್ರಿಲ್ಲಿಂಗ್ ಮಶೀನಿಗೆ ಮಿತ್ಸುಬಿಷಿ ಎಫ್‌ಎಕ್ಸ್3ಯು ಪಿಎಲ್‌ಸಿ (ಮಶೀನ್ ನಡೆಸುವ ಸಣ್ಣ ಕಂಪ್ಯೂಟರ್) ಹಾಕಿದ್ದೇವೆ, ಪ್ರೋಗ್ರಾಮ್ ಲ್ಯಾಡರ್‌ನಲ್ಲಿ (ಏಣಿಯಂಥ ಚಿತ್ರದಲ್ಲಿ) ಇದೆ. ಗಾಳಿಯ ಎರಡು ಸಿಲಿಂಡರ್ ಇವೆ. ಎ ಮುಂದೆ ಬಂದು ಜಾಬ್ ಹಿಡಿಯಬೇಕು, ಬಿ ಡ್ರಿಲ್ ಇಳಿಸಬೇಕು, ಬಿ ಮೇಲೆ ಹೋದಮೇಲೆ ಎ ಬಿಡಬೇಕು. ವಾಲ್ವ್ ಎರಡೂ ಸಿಂಗಲ್ ಸೊಲೆನಾಯ್ಡ್, ಸ್ಪ್ರಿಂಗ್ ರಿಟರ್ನ್ (ಕರೆಂಟ್ ಇರುವವರೆಗೆ ಆನ್, ಹೋದರೆ ಸ್ಪ್ರಿಂಗ್ ಹಿಂದಕ್ಕೆ ತರುತ್ತದೆ). ಎ ಮುಂದಿದ್ದು (ಸೆನ್ಸರ್ ಎಕ್ಸ್2) ಬಿ ಮೇಲಿದ್ದರೆ (ಎಕ್ಸ್3) ಬಿ ಇಳಿಯಲಿ ಅಂತ ಬರೆದಿದ್ದೇನೆ. ತೂತು ಹಾಕಿ ಡ್ರಿಲ್ ಮೇಲೆ ಹೋಗುತ್ತದೆ, ತಕ್ಷಣ ಮತ್ತೆ ಇಳಿಯುತ್ತದೆ. ರೀಡ್ ಸ್ವಿಚ್ (ಸಿಲಿಂಡರ್ ಮೇಲಿನ ಸೆನ್ಸರ್) ಬದಲಾಯಿಸಿದರೂ ಅದೇ ಕಥೆ. ಸೆನ್ಸರ್ ಜಾಗ ಸರಿಸಬೇಕಾ ಸರ್?

ಉತ್ತರ:
ಸೆನ್ಸರ್ ಮುಟ್ಟಬೇಡಿ, ಸರಿಯಾಗೇ ಇದೆ. ಡ್ರಿಲ್ ಇಳಿಯುವ ಮೊದಲು ಎಕ್ಸ್2, ಎಕ್ಸ್3 ಆನ್. ತೂತು ಹಾಕಿ ಮೇಲೆ ಬಂದಾಗಲೂ ಅವೆರಡೇ ಆನ್. ಪಿಎಲ್‌ಸಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಕೆಲಸ ಎಲ್ಲಿಗೆ ಬಂತು ಅನ್ನುವುದು ಅದಕ್ಕೆ ನೆನಪಿರಬೇಕು. ಡಿ100ರಲ್ಲಿ (ಪಿಎಲ್‌ಸಿ ನಂಬರ್ ನೆನಪಿಡುವ ಜಾಗ) ಸ್ಟೆಪ್ ನಂಬರ್ ಇಡಿ.

0: ಎಕ್ಸ್1 (ಎ ಹಿಂದೆ), ಎಕ್ಸ್3 ಆನ್ ಇದ್ದು ಸ್ಟಾರ್ಟ್ ಒತ್ತಿದರೆ 10
10: ಹಿಡಿಯುವುದು. ಎಕ್ಸ್2 ಬಂದರೆ 20
20: ಇಳಿಯುವುದು. ಎಕ್ಸ್4 (ಬಿ ಕೆಳಗೆ) ಬಂದರೆ 30
30: ಏರುವುದು. ಎಕ್ಸ್3 ಬಂದರೆ 40
40: ಬಿಡುವುದು. ಎಕ್ಸ್1 ಬಂದರೆ 0

ಈಗ ಎಕ್ಸ್3ಕ್ಕೆ 30ರಲ್ಲಿ ಒಂದು ಅರ್ಥ, 0ಯಲ್ಲಿ ಇನ್ನೊಂದು. ನಂಬರ್ ಹತ್ತರ ಅಂತರದಲ್ಲಿರಲಿ. ನಾಳೆ ತಳದಲ್ಲಿ ಅರ್ಧ ಸೆಕೆಂಡ್ ನಿಲ್ಲಿಸಬೇಕು ಅಂದರೆ 25 ಸೇರಿಸಬಹುದು.

ಮತ್ತೆ ಪ್ರಶ್ನೆ:
ಹಾಗೇ ಬರೆದೆ ಸರ್. ಸ್ಟಾರ್ಟ್ ಒತ್ತಿದರೆ ಡಿ100 ಹತ್ತಕ್ಕೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ವೈ0 (ಎ ವಾಲ್ವಿನ ಔಟ್‌ಪುಟ್) ಇರುವ ರಂಗ್‌ನಲ್ಲಿ (ಲ್ಯಾಡರಿನ ಒಂದು ಸಾಲು) ಕಂಡಿಷನ್ ಆನ್ ಇದೆ, ವಾಲ್ವ್ ಎಲ್‌ಇಡಿ ಮಾತ್ರ ಹೊತ್ತುತ್ತಿಲ್ಲ.

ಉತ್ತರ:
ವೈ0 ಕಾಯಿಲ್ (ಔಟ್‌ಪುಟ್ ಆನ್ ಮಾಡುವ ಗುರುತು) 10, 20, 30 ಮೂರೂ ಕಡೆ ಬರೆದಿದ್ದೀರಾ ನೋಡಿ. ಸ್ಕ್ಯಾನ್ (ಪಿಎಲ್‌ಸಿ ಪ್ರೋಗ್ರಾಮನ್ನು ಒಂದು ಸುತ್ತು ಓದುವುದು) ಮೇಲಿಂದ ಕೆಳಗೆ ಹೋಗುತ್ತದೆ. 10ರ ರಂಗ್ ಆನ್ ಮಾಡಿದ್ದನ್ನು ಅದೇ ಸ್ಕ್ಯಾನ್‌ನಲ್ಲಿ 30ರ ರಂಗ್ ಆಫ್ ಮಾಡುತ್ತದೆ. ಔಟ್‌ಪುಟ್‌ಗೆ ಹೋಗುವುದು ಕೊನೆಯದು. ಸ್ಟೆಪ್ ಬದಲಿಸುವ ರಂಗ್‌ಗಳಲ್ಲಿ ಕಾಯಿಲ್ ಇಡಲೇಬೇಡಿ. ಎಲ್ಲದರ ಕೆಳಗೆ ಒಂದೇ ರಂಗ್: ಡಿ100 ಹತ್ತು ಅಥವಾ ಇಪ್ಪತ್ತು ಅಥವಾ ಮೂವತ್ತು ಆದರೆ ವೈ0. ಇನ್ನೊಂದು ರಂಗ್: ಇಪ್ಪತ್ತಾದರೆ ವೈ1 (ಡ್ರಿಲ್ ಇಳಿಸುವ ವಾಲ್ವ್). ಎಸ್‌ಟಿಎಲ್‌ನಲ್ಲಿ (ಮಿತ್ಸುಬಿಷಿಯ ಸ್ಟೆಪ್ ಲ್ಯಾಡರ್) ಬರೆದರೆ ಬೇರೆ ಬೇರೆ ಸ್ಟೇಟ್‌ನಲ್ಲಿ ಒಂದೇ ಕಾಯಿಲ್ ನಡೆಯುತ್ತದೆ, ಸಾದಾ ಲ್ಯಾಡರ್‌ನಲ್ಲಿ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು:
ಓಡಿತು ಸರ್! ತುಂಬಾ ಥ್ಯಾಂಕ್ಸ್.

ಇನ್ನೊಬ್ಬರು:
ಕ್ಲ್ಯಾಂಪ್ ವಾಲ್ವ್ ಬಗ್ಗೆ ನನಗೆ ಭಯ ಇದೆ. ಸ್ಪ್ರಿಂಗ್ ರಿಟರ್ನ್ ಅಂದರೆ ಕರೆಂಟ್ ಹೋದ ಕ್ಷಣ ಅದು ಜಾಬ್ ಬಿಡುತ್ತದೆ. ಆಗ ಡ್ರಿಲ್ ಇನ್ನೂ ತಿರುಗುತ್ತಾ ಒಳಗೇ ಇರಬಹುದು. ಎ ಸಿಲಿಂಡರ್‌ಗೆ ಡಬಲ್ ಸೊಲೆನಾಯ್ಡ್ (ಹಿಡಿಯಲು ಒಂದು, ಬಿಡಲು ಒಂದು ಕಾಯಿಲ್; ಕರೆಂಟ್ ಹೋದರೂ ಇದ್ದಲ್ಲೇ ನಿಲ್ಲುವ ವಾಲ್ವ್) ಹಾಕಿ. ಗಾಳಿ ಇರುವವರೆಗೆ ಹಿಡಿದೇ ಇರುತ್ತದೆ. ಎಮರ್ಜೆನ್ಸಿ ಸ್ಟಾಪ್ ಒತ್ತಿದಾಗಲೂ ಕ್ಲ್ಯಾಂಪಿನ ಗಾಳಿ ಹೋಗದ ಹಾಗೆ ಪೈಪಿಂಗ್ ಮಾಡಿ. ಆ ಸ್ಟಾಪನ್ನು ಪ್ರೋಗ್ರಾಮಿಗೆ ಬಿಡದೆ ನೇರ ವೈರಿಂಗ್‌ನಲ್ಲೇ ಕೊಡಿ. ಆಮೇಲೆ ವೈ0 ಹತ್ತರಲ್ಲಿ ಮಾತ್ರ ಸಾಕು, ಬಿಡುವ ಕಾಯಿಲ್ ವೈ2 ನಲವತ್ತರಲ್ಲಿ.