ಮ್ಯಾಕ್ಯುಲರ್ ಡಿಜೆನರೇಶನ್‌ಗೆ ಕನ್ನಡದಲ್ಲಿ ಏನೆನ್ನೋಣ? ‘ಪೀತಬಿಂದು’ ನಮ್ಮ ಕಡೆ ನಡೆಯದು

ಮಿತ್ರರೇ, ನಮಸ್ಕಾರ.

ಹುಬ್ಬಳ್ಳಿಯ ಕಣ್ಣಿನ ವೈದ್ಯರೊಬ್ಬರು ಹಿರಿಯ ರೋಗಿಗಳಿಗಾಗಿ ಮಾಡಿಸುತ್ತಿರುವ ತಿಳಿವಳಿಕೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ, ವಯಸ್ಸಾದವರಿಗೆ ಬರುವ ಮ್ಯಾಕ್ಯುಲರ್ ಡಿಜೆನರೇಶನ್, ಅಂದರೆ ಅಂಚು ಕಂಡರೂ ನಡುವಿನ ನೋಟ ಕೆಡುತ್ತಾ ಹೋಗುವ ಕಣ್ಣಿನ ರೋಗ. ತಲೆಬರಹದಲ್ಲಿಯೇ ನಿಂತುಬಿಟ್ಟಿದ್ದೇನೆ.

ಮ್ಯಾಕ್ಯುಲ ಎಂದರೆ ಲ್ಯಾಟಿನ್ನಿನಲ್ಲಿ ಚುಕ್ಕೆ, ಕಲೆ. ಅಕ್ಷಿಪಟಲದ (ಕಣ್ಣಿನ ಹಿಂಬದಿಯ ಪರದೆ, ರೆಟಿನಾ) ನಡುವಿನ ಹಳದಿ ಛಾಯೆಯ ಪುಟ್ಟ ಜಾಗವದು. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲವೂ ಅದರಿಂದಲೇ. ‘ಪೀತಬಿಂದು’ ಎಂದರೆ ಅರ್ಥಕ್ಕೇನೋ ಸರಿಹೋಗುತ್ತದೆ. ಆದರೆ ನಮ್ಮ ಕಡೆ ಕಣ್ಣಿನ ಮಾತಿನಲ್ಲಿ ‘ಬಿಂದು’ ಬಂತೆಂದರೆ ಅದು ಮೋತಿಬಿಂದು. ಮೈಸೂರು ಸೀಮೆಯವರು ‘ಪೊರೆ’ ಎನ್ನುವುದಕ್ಕೆ ಧಾರವಾಡ, ಗದಗದ ಹಿರಿಯರ ಬಾಯಲ್ಲಿ ಇರುವ ಮಾತು ಇದೇ. ಅದನ್ನು ‘ಬಲಿಯಲಿ, ಆಮೇಲೆ ತೆಗೆಸೋಣ’ ಎಂದು ಕಾಯುವ ರೂಢಿಯೂ ಉಂಟು. ಶಸ್ತ್ರಚಿಕಿತ್ಸೆ ಮಾಡಿ ಮಸೂರ ಕೂರಿಸಿದರೆ ನೋಟ ಸಾಮಾನ್ಯವಾಗಿ ಮರಳುತ್ತದೆ. ಪೀತಬಿಂದುವಿನ ರೋಗವನ್ನೂ ಯಾರಾದರೂ ಹಾಗೆಯೇ ಬಲಿಯಲು ಬಿಟ್ಟರೆ ನಡುನೋಟ ಹೋದೀತು.

‘ಡಿಜೆನರೇಶನ್’ ಇನ್ನೂ ತೊಡಕಿನದು. ಅವನತಿ ಸಾಮ್ರಾಜ್ಯಗಳಿಗೆ ಆಗುವಂಥದ್ದು. ಕ್ಷಯ ಎಂದರೆ ಜನರು ಎದೆಯ ಫೋಟೋ ತೆಗೆಸಲು ಹೋದಾರು. ಮೊಣಕಾಲಿನ ಸವೆತ ಎಲ್ಲರಿಗೂ ಗೊತ್ತಿರುವುದರಿಂದ ‘ನಡುನೋಟದ ಸವೆತ’ ಎಂದು ಬರೆದೆ. ವೈದ್ಯರು ಒಪ್ಪಲಿಲ್ಲ: ಬಳಸಿದಷ್ಟೂ ಸವೆಯುತ್ತದೆಂದು ತಿಳಿದು ಜನರು ಓದು, ಹೊಲಿಗೆ ಬಿಟ್ಟಾರು, ಓದಿದರೆ ಈ ರೋಗ ಹೆಚ್ಚುವುದಿಲ್ಲ ಎಂದರು. ಅವರ ಆಕ್ಷೇಪ ಸರಿಯಾದದ್ದೇ. ಈಗ ‘ನಡುನೋಟದ ಕುಂದು’ ಎಂದಿಟ್ಟಿದ್ದೇನೆ, ಕೊಂಚ ಸಪ್ಪೆ ಎನಿಸುತ್ತದೆ. ಚೀಟಿಯಲ್ಲಿ ವೈದ್ಯರು ‘ಎಆರ್‌ಎಂಡಿ’ (ಏಜ್ ರಿಲೇಟೆಡ್ ಮ್ಯಾಕ್ಯುಲರ್ ಡಿಜೆನರೇಶನ್) ಎಂದೇ ಬರೆಯುವುದರಿಂದ ಆ ಅಕ್ಷರಗಳನ್ನೂ ಒಮ್ಮೆ ಕೊಡುತ್ತೇನೆ.

ಇದರ ಎರಡು ಬಗೆಗಳನ್ನು ಇಂಗ್ಲಿಷಿನಿಂದ ನೇರವಾಗಿ ‘ಒಣ’, ‘ಹಸಿ’ ಎಂದು ತರುವುದು ನನಗೆ ಒಪ್ಪಿಗೆಯಿಲ್ಲ. ಒಣ ಎಂದರೆ ಕಣ್ಣು ಒಣಗಿದೆಯೆಂದು ಅಂಗಡಿಯಿಂದ ಹನಿ ಔಷಧ ತಂದು ಹಾಕಿಕೊಳ್ಳುತ್ತಾರೆ. ಹಸಿ ಎಂದರೆ ನೀರು ಸುರಿಯುವ ಕಣ್ಣು ಎಂದುಕೊಳ್ಳುತ್ತಾರೆ. ನಿಜವಾಗಿ ಎರಡನೆಯದರಲ್ಲಿ ಅಕ್ಷಿಪಟಲದ ಅಡಿಯಲ್ಲಿ ಹುಟ್ಟಬಾರದ ರಕ್ತನಾಳಗಳು ಹುಟ್ಟಿ, ದ್ರವವೋ ರಕ್ತವೋ ಜಿನುಗುತ್ತದೆ. ಅದಕ್ಕೆ ‘ಸೋರುವ ಬಗೆ’, ಮೊದಲನೆಯದಕ್ಕೆ ‘ಸೋರದ ಬಗೆ’ ಎಂದಿದ್ದೇನೆ. ಈ ಭೇದ ತಿಳಿಯಲೇಬೇಕು. ಸೋರದ ಬಗೆ ನಿಧಾನ; ಮಧ್ಯಮ ಹಂತದಲ್ಲಿ ಲ್ಯೂಟಿನ್, ಸತು ಮುಂತಾದವು ಸೇರಿದ ಮಾತ್ರೆಗಳು ಅದು ಮುಂದುವರಿಯುವ ಅಪಾಯವನ್ನು ತಗ್ಗಿಸಬಲ್ಲವು, ಹೋದ ನೋಟವನ್ನು ತರಲಾರವು. ಸೋರುವ ಬಗೆಯಲ್ಲಿ ಕೆಲವೇ ವಾರಗಳಲ್ಲಿ ನೋಟ ಕೆಡಬಹುದು. ಕಣ್ಣಿನೊಳಕ್ಕೆ ಮತ್ತೆ ಮತ್ತೆ ಕೊಡುವ ಇಂಜೆಕ್ಷನ್ ಅದನ್ನು ತಡೆಯುತ್ತದೆ, ಬೇಗ ಕೊಟ್ಟಷ್ಟೂ ಲಾಭ. ಬೀಡಿ, ಸಿಗರೇಟು ಎರಡೂ ಬಗೆಗೆ ಕೇಡು.

ನಡುನೋಟವನ್ನು ತಾವೇ ಪರೀಕ್ಷಿಸಿಕೊಳ್ಳಲು ಬಳಸುವ, ಅಡ್ಡ ಉದ್ದ ಗೆರೆಗಳ ಆಮ್ಸ್ಲರ್ ಗ್ರಿಡ್ ಮಾತ್ರ ಸಲೀಸಾಗಿ ‘ಚೌಕುಳಿ ಹಾಳೆ’ ಆಯಿತು. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನು ದಿಟ್ಟಿಸಬೇಕು. ಗೆರೆಗಳು ಹೊಸದಾಗಿ ಡೊಂಕಾಗಿಯೋ ಅಳಿಸಿದಂತೆಯೋ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ನನ್ನ ಪ್ರಶ್ನೆ ಇಷ್ಟು. ‘ಕುಂದು’ವಿಗಿಂತ ಬಿಗಿಯಾದ ಪದ ಯಾರಿಗಾದರೂ ಹೊಳೆಯುತ್ತದೆಯೇ? ಅಂಚು ಕಂಡು ನಡುವೆ ಮಾತ್ರ ಕಾಣದಿರುವುದನ್ನು ಹಾವೇರಿ, ಗದಗದ ಹಳ್ಳಿಗಳ ಹಿರಿಯರು ಏನೆಂದು ಹೇಳುತ್ತಾರೆ? ಕೇಳಿದವರು ಅವರ ಮಾತಿನಲ್ಲಿಯೇ ಬರೆದು ಕಳುಹಿಸಿ.